ಕಂಡಿಕಿ ಓಣಿಯ ಕೆಂಪು ಗೆರೆ

ಇಳಕಲ್ಲಿನ ಕಂಡಿಕಿ ಓಣಿಯಲ್ಲಿ ಬೆಳಗಿನ ಐದೂವರೆ. ನೀರು ತುಂಬಿದ ಪ್ಲಾಸ್ಟಿಕ್ ಪೈಪಿನ ಒಂದು ತುದಿಯನ್ನು ಗೋಡೆಗೆ ಒತ್ತಿ ಹಿಡಿದು ಶಿವಗಂಗಾ ಕುಕ್ಕರಗಾಲಲ್ಲಿ ಕೂತಿದ್ದಾರೆ. ಇನ್ನೊಂದು ತುದಿ ಎರಡು ಮನೆ ಆಚೆ ನೇಕಾರ್ತಿ ಖೈರುನಬಿಯವರ ಕೈಯಲ್ಲಿದೆ. ಎರಡೂ ಕಡೆ ನೀರು ಒಂದೇ ಮಟ್ಟಕ್ಕೆ ನಿಲ್ಲುವವರೆಗೆ ಇಬ್ಬರೂ ಅಲುಗುವಂತಿಲ್ಲ.

"ಚಾಚಿ, ಕೈ ಅಳ್ಳಾಡಸಬ್ಯಾಡ."

"ಅರವತ್ತೆರಡು ವರ್ಷದ ಕೈ ಐತಿ ಯವ್ವಾ. ನಿನ್ನ ಪೈಪಿಗೇ ಸ್ವಲ್ಪ ತಡಕೋ ಅಂತ ಹೇಳು."

ನೀರು ನಿಲ್ಲುತ್ತದೆ. ಶಿವಗಂಗಾ ಗೋಡೆಯ ಮೇಲೆ ಗೇಣುದ್ದದ ಕೆಂಪು ಗೆರೆ ಎಳೆಯುತ್ತಾರೆ. ಗೆರೆಯಿಂದ ಹೊಸ್ತಿಲು ಎಷ್ಟು ಇಂಚು ಕೆಳಗಿದೆ, ರಸ್ತೆ ಎಷ್ಟು ಕೆಳಗಿದೆ ಎಂದು ಎರಡು ಅಂಕಿ ಬರೆಯುತ್ತಾರೆ. ರಸ್ತೆಯ ಅಂಕಿ ಸಣ್ಣದಾಗಿದ್ದರೆ ಹೊಸ್ತಿಲು ರಸ್ತೆಗಿಂತ ತಗ್ಗಿನಲ್ಲಿದೆ, ಮಳೆ ಬಂದರೆ ನೀರು ಒಳಗೆ ನುಗ್ಗುತ್ತದೆ ಎಂದು ಅರ್ಥ. ಓಣಿಯ ನಲವತ್ಮೂರು ಮನೆಗಳಲ್ಲಿ ಇಪ್ಪತ್ತೊಂಬತ್ತರ ಪಾಡು ಇದೇ. ಶಿವಗಂಗಾ ಗೋಡೆಗಳಿಗೆ ಗೆರೆ ಎಳೆಯುತ್ತಿರುವುದು ಇದು ಎರಡನೇ ಸಲ. ಮೊದಲ ಸಲ ಎಳೆದ ಗೆರೆಗಳೆಲ್ಲ ಬಣ್ಣದ ಅಡಿ ಮುಚ್ಚಿಹೋಗಿವೆ.

ಶಿವಗಂಗಾ ಗಾರೆ ಕೆಲಸದ ಗೌಂಡಿ ಕಾಶಪ್ಪನವರ ಮಗಳು. ವಯಸ್ಸು ಇಪ್ಪತ್ತೊಂಬತ್ತು. ಪೈಪು ಅಪ್ಪನದು, ಸಿವಿಲ್ ಡಿಪ್ಲೊಮಾ ಬಾಗಲಕೋಟೆಯದು. ಆರು ವರ್ಷದಿಂದ ಹುನಗುಂದದ ಕಚೇರಿಯೊಂದರಲ್ಲಿ ಮಂದಿಯ ಮನೆಗಳಿಗೆ ನಕ್ಷೆ ಬರೆಯುತ್ತಾರೆ. ಏಳೂಮುಕ್ಕಾಲರ ಬಸ್ಸು ತಪ್ಪಿಸುವಂತಿಲ್ಲ. ಅದಕ್ಕೆ ಮೊದಲು ಮಗಳ ಜಡೆ, ಡಬ್ಬಿ, ಸಾಲಿ. ಹೀಗಾಗಿ ಓಣಿಗೆ ಉಳಿಯುವುದು ನಸುಕಿನ ಒಂದು ತಾಸು. ಆ ಒಂದು ತಾಸಿನಲ್ಲಿ ಮೂರು ಮನೆ, ಹೆಚ್ಚೆಂದರೆ ನಾಲ್ಕು.

ಇಪ್ಪತ್ತೆರಡು ವರ್ಷದಲ್ಲಿ ಈ ಓಣಿಗೆ ಐದು ಸಲ ಕಾಂಕ್ರೀಟ್ ಹಾಕಿದ್ದಾರೆ. ಒಂದು ಸಲವಾದರೂ ಹಳೆಯದನ್ನು ಒಡೆದು ತೆಗೆದಿಲ್ಲ. ಅದರ ಮೇಲೇ ಸುರಿದು, ಟೇಪು ಕತ್ತರಿಸಿ, ಫೋಟೋ ಹೊಡೆಸಿಕೊಂಡು ಹೋಗಿದ್ದಾರೆ. ಇಲ್ಲಿ ನೇಯುವುದು ಕುಣಿಮಗ್ಗದಲ್ಲಿ. ನೇಯುವವರು ನೆಲದೊಳಗಿನ ತಗ್ಗಿಗೆ ಕಾಲಿಳಿಬಿಟ್ಟು ಕೂರಬೇಕು. ಹೊಸ್ತಿಲು ದಾಟಿದ ನೀರು ಮೊದಲು ತುಂಬುವುದೇ ಆ ತಗ್ಗನ್ನು.

"ನಾ ಸೊಸಿಯಾಗಿ ಬಂದಾಗ ಮೂರು ಪಾವಟಿಗಿ ಹತ್ತಿ ಮನಿಯೊಳಗ ಹೋಗಿದ್ದೆ. ಈಗ ಒಂದ ಇಳಿದು ಹೋಗ್ತೇನಿ. ಮನಿ ಅಲ್ಲೇ ಐತ್ರಿ, ಎಲ್ಲೂ ಹೋಗಿಲ್ಲ" ಎನ್ನುತ್ತಾರೆ ಖೈರುನಬಿ. ಹೋದ ಮಳೆಗಾಲದಲ್ಲಿ ಅವರು ನೇಯ್ದದ್ದಕ್ಕಿಂತ ತಗ್ಗಿನ ನೀರು ಎತ್ತಿ ಹಾಕಿದ್ದೇ ಹೆಚ್ಚು.

ಆರನೆಯ ಕಾಂಕ್ರೀಟಿಗೆ ಮಂಜೂರಾತಿ ಬಂದಿದೆ. ಅದೂ ಮೇಲೇ ಬಿದ್ದರೆ ಇನ್ನೂ ಎಂಟು ಮನೆ ಮುಳುಗುತ್ತವೆ. ಶಿವಗಂಗಾ ತಮ್ಮ ಅಳತೆಗಳನ್ನು ಹಿಡಿದು ರಸ್ತೆಯ ಎಂಜಿನಿಯರ್ ಮುಂದೆ ನಿಂತರು. ಖಾಸಗಿಯವರ ಅಳತೆ ಕಡತಕ್ಕೆ ಸೇರುವುದಿಲ್ಲ, ಯಾವುದಾದರೂ ಸಂಸ್ಥೆಯ ಮುಖಾಂತರ ತನ್ನಿ ಎಂಬ ಉತ್ತರ ಬಂತು. ಸಂಸ್ಥೆಯನ್ನು ಹುಡುಕಿದಾಗ ಸಿಕ್ಕಿದ್ದು ಒಂದು ಸಹಾಯಧನದ ಜಾಹೀರಾತು. ನಗರಗಳ ಬಗ್ಗೆ ಆಸಕ್ತಿ ಇರುವ, ವೃತ್ತಿಯ ಆರಂಭದಲ್ಲಿರುವ ವಿನ್ಯಾಸಕಾರರಿಗಾಗಿ ಅಂತೆ. ಶಿವಗಂಗಾಗೆ ಬೇಕಿದ್ದದ್ದು ಧನವಲ್ಲ, ಅಳತೆಯ ಮೇಲೆ ಒತ್ತಲು ಸಂಸ್ಥೆಯೊಂದರ ಶಿಕ್ಕಾ. ನಲವತ್ಮೂರು ಮನೆಗಳ ಅಳತೆ ಬರೆದು, 'ನಿಮ್ಮ ವಿನ್ಯಾಸವೇನು?' ಎಂಬಲ್ಲಿ ಒಂದೇ ಸಾಲು ತುಂಬಿದರು: ಹಳೆಯದನ್ನು ಕಿತ್ತು ಹೊಸದನ್ನು ಹಾಕಬೇಕು.

ನಿಮ್ಮ ಶ್ರಮ ಮೆಚ್ಚುವಂಥದ್ದು, ಆದರೆ ಇದರಲ್ಲಿ ವಿನ್ಯಾಸದ ಕಲ್ಪನೆ ಕಾಣುತ್ತಿಲ್ಲ ಎಂದು ಮರುಪತ್ರ ಬಂತು.

"ಚಿತ್ರ ಇರಲಿಲ್ರಿ ಅದರಾಗ. ಮ್ಯಾಲ ಏನೂ ಹೇರಬ್ಯಾಡ್ರಿ ಅನ್ನೂದನ್ನ ಹೆಂಗ ಚಿತ್ರ ತಗೀಬೇಕು?" ಎಂದು ಕೇಳುತ್ತಾರೆ ಶಿವಗಂಗಾ. ದನಿ ಏರುವುದಿಲ್ಲ, ಕೈಯಲ್ಲಿನ ಪೆನ್ಸಿಲು ಮಾತ್ರ ನಿಲ್ಲುತ್ತದೆ.

ತಿಂಗಳುಗಟ್ಟಲೆ ಅಲೆದ ಮೇಲೆ ಎಂಜಿನಿಯರ್ ಅಷ್ಟಿಷ್ಟು ಕರಗಿದರು. ಗೋಡೆಯ ಮೇಲೆ ಗುರುತು ಮಾಡಿಡಿ, ಕೆಲಸ ಶುರುವಾಗುವ ಮೊದಲು ನಾನೇ ನಿಂತು ನೋಡುತ್ತೇನೆ ಎಂದರು. ಹಾಗೆ ಹುಟ್ಟಿದ್ದು ಕೆಂಪು ಗೆರೆ.

ಅದೇ ಸಹಾಯಧನ ಪಡೆದ ಇಬ್ಬರು ಯುವಕರು ಆಮೇಲೆ ಇದೇ ಓಣಿಗೆ ಬಂದರು. ಒಂಬತ್ತು ದಿನ ಇದ್ದು ಗೋಡೆಗಳಿಗೆಲ್ಲ ಬಿಳಿ ಬಳಿದು, ಅದರ ಮೇಲೆ ಸೀರೆಯ ದಡಿ, ಸೆರಗು ಬರೆದರು. ಚೆಂದವಾಗಿಯೇ ಬರೆದಿದ್ದಾರೆ. ಖೈರುನಬಿ ಮಗ್ಗದಲ್ಲಿ ಕೂತ ಫೋಟೋ ಕೂಡ ತೆಗೆದರು. ಅದರಲ್ಲಿ ಅವರ ನಗು ಇದೆ, ಬಣ್ಣದ ಗೋಡೆ ಇದೆ. ಕಾಲು ಇಳಿಬಿಟ್ಟ ತಗ್ಗು ಮಾತ್ರ ಚೌಕಟ್ಟಿನ ಹೊರಗೆ. ಗೋಡೆಯ ಗೆರೆ ಏನೆಂದು ಯಾರನ್ನೂ ಕೇಳಲಿಲ್ಲ. ಹಗಲಲ್ಲಿ ಶಿವಗಂಗಾ ಹುನಗುಂದದಲ್ಲಿದ್ದರು. ದಿನಾ ಸಂಜೆ ಬಸ್ಸಿಳಿದು ಬಂದಾಗ ನಾಲ್ಕೈದು ಗೋಡೆ ಮುಗಿದಿರುತ್ತಿದ್ದವು. ನಿಲ್ಲಿಸಿ ಎಂದರೆ, ಮನೆಯವರೇ ಒಪ್ಪಿದ್ದಾರಲ್ಲ ಎಂದರು ಹುಡುಗರು.

"ನಾನ ಹೂಂ ಅಂದೆ. ಅಮ್ಮಾ ಅಮ್ಮಾ ಅಂತ ಎಷ್ಟು ಅದಬಿಲೆ, ಮರ್ಯಾದಿಲೆ ಕೇಳಿದ್ರು. ಮನಿ ಬಾಗಲಕ್ಕ ಬಂದವ್ರಿಗೆ ಹೆಂಗ ಒಲ್ಲೆ ಅನ್ನೂದು? ಚಾನೂ ಕೊಟ್ಟೆ" ಎನ್ನುತ್ತಾರೆ ಖೈರುನಬಿ.

"ಎರಡು ಸಲ ಕೊಟ್ಟಾಳ್ರಿ" ಎಂದು ಚುಚ್ಚುತ್ತಾರೆ ಶಿವಗಂಗಾ. ಅಂದಿನಿಂದ ಪೈಪಿನ ಇನ್ನೊಂದು ತುದಿ ಹಿಡಿಯಲು ಚಾಚಿ ಒಂದು ನಸುಕೂ ತಪ್ಪಿಸಿಲ್ಲ.

ಎಂಜಿನಿಯರ್ ಬರುವುದು ಸೋಮವಾರ. ಕೊನೆಗೆ ಉಳಿದಿರುವ ಮನೆ ಖೈರುನಬಿಯವರದೇ. ನೀರು ನಿಲ್ಲುತ್ತದೆ, ಶಿವಗಂಗಾ ಪೆನ್ಸಿಲಿನಿಂದ ಗುರುತು ಹಾಕುತ್ತಾರೆ. ಚಾಚಿ ಒಳಗಿಂದ ಉಳ್ಳಾಗಡ್ಡಿ ಹೆಚ್ಚುವ ಚಾಕು ತಂದು, ಗುರುತಿನ ಪಕ್ಕದಲ್ಲೇ ಬಣ್ಣದ ದಡಿಯನ್ನು ಕೆರೆಯತೊಡಗುತ್ತಾರೆ. ಬಿಳಿ ಸುಲಿಯುತ್ತದೆ. ಒಳಗಿಂದ ಮೊದಲಿನ ಕೆಂಪು ಗೆರೆ ಹೊರಬರುತ್ತದೆ. ಪೆನ್ಸಿಲಿನ ಗುರುತಿಗೂ ಅದಕ್ಕೂ ಕೂದಲೆಳೆಯ ಅಂತರವಿಲ್ಲ.

ಶಿವಗಂಗಾ ಗೆರೆಯ ಮೇಲೆ ಬೆರಳಾಡಿಸಿ ನೋಡುತ್ತಾರೆ. ಆಮೇಲೆ ಪೈಪು ಸುತ್ತಿ ಹೆಗಲಿಗೇರಿಸುತ್ತಾರೆ.

"ರಸ್ತಿ ಕಿತ್ತ ಮ್ಯಾಲ ಗ್ವಾಡಿಗೆ ಯಾವ ಬಣ್ಣ ಬೇಕಾದ್ರೂ ಬಳಕೊಳ್ಳಲಿ, ನಾ ಬ್ಯಾಡ ಅನ್ನಂಗಿಲ್ಲ. ಚಾಚಿ ಮತ್ತ ಪಾವಟಿಗಿ ಹತ್ತಿ ಮನಿಯೊಳಗ ಹೋಗಬೇಕ್ರಿ. ಮೂರು ಬ್ಯಾಡ, ಒಂದು ಸಾಕು."