ರೇಣುಕಯ್ಯನ ಟಾಕಿ ಕಂಪನಿ

ಮಧುಗಿರಿಯಲ್ಲೂ ಒಂದು ಟಾಕಿ ಕಂಪನಿ ಇತ್ತು ಎಂದರೆ ಈಗಿನವರು ನನ್ನ ಮುಖ ನೋಡಿ ನಗುತ್ತಾರೆ. ನಗಲಿ. ಕೋಟೆಯ ಕೆಳಗೆ, ಕಡಲೆಕಾಯಿ ಮಂಡಿಯ ಹಿಂದಿನ ಗೋದಾಮಿನಲ್ಲಿ ಅದು ಇತ್ತು. ಅದರ ಹಾರ್ಮೋನಿಯಂ ನುಡಿಸುತ್ತಿದ್ದವನು ನಾನೇ. ಯಜಮಾನ ರೇಣುಕಯ್ಯ ನನ್ನ ಓರಗೆಯವನು. ಮೊದಲು ಅವನದು ನಾಟಕ ಕಂಪನಿ. ಶಿರಾ, ಕೊರಟಗೆರೆ, ಪಾವಗಡ ಎಂದು ಪರದೆಗಳನ್ನು ಗಾಡಿಗೆ ಹೇರಿಕೊಂಡು ತಿರುಗುತ್ತಿದ್ದೆವು. ಟಾಕಿ ಬಂದಮೇಲೆ ಜನ ನಮ್ಮನ್ನು ಬಿಟ್ಟು ಟಾಕಿ ತೋರಿಸುವ ಟೆಂಟಿಗೆ ನುಗ್ಗಿದರು. ಹಾಗಾದರೆ ನಾನೂ ಟಾಕಿಯನ್ನೇ ತೆಗೆಯುತ್ತೇನೆ ಎಂದು ಇವನು ಹಠ ಹಿಡಿದ. ಬುದ್ಧಿ ಇರುವವರು ಮಾಡುವ ಕೆಲಸವಲ್ಲ ಅದು. ಆದರೆ ಅವನಿಗೆ ಕರಿಬಸಮ್ಮನ ಹಾಡಿನ ಮೇಲೆ ಅಷ್ಟು ನೆಚ್ಚಿಕೆ.

ಕರಿಬಸಮ್ಮ ಅವನ ಹೆಂಡತಿ, ನಮ್ಮ ನಾಯಕಿ. ಕೊರಟಗೆರೆಯ ಒಳ್ಳೆಯ ಮನೆತನದ ಹೆಣ್ಣು. ಬಣ್ಣ ಹಚ್ಚಿದಳೆಂದು ತವರಿನವರು ಮತ್ತೆ ಹೊಸಿಲು ತುಳಿಯಗೊಡಲಿಲ್ಲ. ಅಕ್ಷರ ಬಾರದು, ಒಮ್ಮೆ ಕೇಳಿದ ಹಾಡು ಮಾತ್ರ ಮರೆತದ್ದೇ ಇಲ್ಲ. ಕರಿಬಸಮ್ಮ ಮೇಲಿನ ಸ್ವರಕ್ಕೆ ಏರಿದರೆ ನಾನು ಎಷ್ಟೋ ಸಲ ಕೀಲಿಮಣೆಯ ಮೇಲಿನ ಕೈ ತೆಗೆದುಬಿಡುತ್ತಿದ್ದೆ. ನನ್ನ ಪೆಟ್ಟಿಗೆಯ ಕೂಗು ಅಲ್ಲಿ ಯಾರಿಗೆ ಬೇಕಿತ್ತು?

ಯುದ್ಧದ ಕಾಲ ಅದು. ಫಿಲ್ಮು ಸರ್ಕಾರದ ಪರ್ಮಿಟ್ಟಿಲ್ಲದೆ ಸಿಗುತ್ತಿರಲಿಲ್ಲ. ಕಾಡಿ ಬೇಡಿ ತಂದ ಡಬ್ಬಗಳಲ್ಲಿ ಚಿತ್ರವನ್ನೆಲ್ಲ ತೆಗೆದು, ಕೊನೆಯ ಹಾಡಿಗೆಂದು ಒಂದೇ ಒಂದು ಡಬ್ಬ ಉಳಿಸಿಕೊಂಡಿದ್ದೆವು. ಆಗಲೇ ಕರಿಬಸಮ್ಮನ ದನಿ ಒಡೆಯತೊಡಗಿತು. ಬೆಂಗಳೂರಿನ ಡಾಕ್ಟರು ಗಂಟಲೊಳಗೆ ಗಡ್ಡೆಯಿದೆ ಎಂದರು. ಬೇಗ ಕೊಯ್ದು ತೆಗೆದರೆ ಜೀವ ಉಳಿಯುತ್ತದೆ, ದನಿ ಪೂರ್ತಿ ಹೋಗುತ್ತದೆ. ಮಳೆಗಾಲ ಕಳೆಯುವವರೆಗೆ ಬಿಟ್ಟರೆ ಎರಡೂ ಹೋಗುತ್ತವೆ. ರೇಣುಕಯ್ಯ ಅಲ್ಲೇ ಆಸ್ಪತ್ರೆಗೆ ಸೇರಿಸಿಬಿಡಲು ಹೊರಟ. ಆಕೆ ಒಪ್ಪಲಿಲ್ಲ.

"ಹಾಡು ಫಿಲ್ಮಿನ್ ಮ್ಯಾಲೆ ಬೀಳ್ಲಿ, ಆಮೇಲೆ ಕುಯ್ಕಳ್ಳಿ. ಹಾಡ್ದೆ ಮಾತ್ರ ನಾನು ಆ ಮೇಜಿನ್ ಮ್ಯಾಲೆ ಮಲಗಾಕಿಲ್ಲ," ಎಂದರು.

ಸರಿ, ಬೇಗ ಮುಗಿಸೋಣ ಎಂದು ಕೋಟೆಯ ಬುಡದಲ್ಲಿ ಕ್ಯಾಮೆರಾ ನಿಲ್ಲಿಸಿದೆವು. ಚಿತ್ರ, ಶಬ್ದ ಎರಡನ್ನೂ ಒಂದೇ ಫಿಲ್ಮಿನ ಮೇಲೆ ಹಿಡಿಯುವ ಬಾಡಿಗೆ ಕ್ಯಾಮೆರಾ. ನಡೆಸುವವನು ಮದರಾಸಿನಲ್ಲಿ ಕೆಲಸ ಕಲಿತು ಬಂದಿದ್ದ ನಮ್ಮೂರ ಪರ್ವತಯ್ಯ. ಸೋತ ಪಾಳೆಯಗಾರನ ಹೆಂಡತಿ ಕೋಟೆ ಬಿಟ್ಟು ಹೊರಡುವಾಗ ಊರಿಗೆ ಹೇಳುವ ಹಾಡು. ಊರ ಜನರಾಗಿ ನಿಲ್ಲಲು ದೊಡ್ಡೇರಿಯಿಂದ ಗಂಡಸರು ಹೆಂಗಸರನ್ನೆಲ್ಲ ಗಾಡಿಯಲ್ಲಿ ಕರೆಸಿದ್ದೆವು. ಅವರು ಕರಿಬಸಮ್ಮನ ನಾಟಕ ನೋಡಿಕೊಂಡೇ ಬೆಳೆದವರು. ಶೂಟಿಂಗಿನಲ್ಲಿ ಸುಮ್ಮನಿರಬೇಕು ಎಂದು ಅವರಿಗೆ ಹೇಳಬೇಕೆಂಬುದೇ ನಮಗೆ ಹೊಳೆಯಲಿಲ್ಲ. ನಾವೂ ನಾಟಕದವರೇ ತಾನೆ!

ಆ ದಿನ ದೇವರು ದೊಡ್ಡವನು, ಕರಿಬಸಮ್ಮನ ಗಂಟಲು ತಿಳಿಯಾಗಿತ್ತು. ಮೊದಲ ಚರಣ ಮುಗಿಸಿ ಮೇಲಿನ ಸ್ವರದಲ್ಲಿ ನಿಂತರು. ದೊಡ್ಡೇರಿಯವರು ಚಪ್ಪಾಳೆ ತಟ್ಟಿ, ಒನ್ಸ್ ಮೋರ್ ಎಂದು ಕೂಗಿದರು. ಕರಿಬಸಮ್ಮ ಪಾಳೆಯಗಾರನನ್ನೂ ಮರೆತರು, ಕೋಟೆಯನ್ನೂ ಮರೆತರು. ಜನಕ್ಕೆ ಕೈಮುಗಿದು ಹಾಡನ್ನು ಮೊದಲಿನಿಂದ ಎತ್ತಿಕೊಂಡರು. ರೇಣುಕಯ್ಯ ಬಾಯಿಬಿಡುವಂತಿಲ್ಲ, ಬಿಟ್ಟರೆ ಅವನ ದನಿಯೂ ಫಿಲ್ಮಿನ ಮೇಲೆ ಬೀಳುತ್ತದೆ. ನಿಲ್ಲಿಸಿ ಎಂದು ಹೆಗಲ ಶಲ್ಯ ಎಳೆದು ಬೀಸಿದ. ಜನ ಹುರುಪುಗೊಂಡು ತಮ್ಮ ಟವೆಲ್ಲುಗಳನ್ನೂ ಬೀಸಿದರು. ಯಜಮಾನ ಹೇಳುವವರೆಗೆ ನಿಲ್ಲಿಸುವಂತಿಲ್ಲವೆಂದು ಪರ್ವತಯ್ಯ ಕಪ್ಪು ಬಟ್ಟೆಯೊಳಗೆ ಕ್ಯಾಮೆರಾ ಓಡಿಸುತ್ತಲೇ ಇದ್ದ. ಅದೇ ಜಾಗಕ್ಕೆ ಬಂದಾಗ ಮತ್ತೆ ಒನ್ಸ್ ಮೋರ್, ಮತ್ತೆ ಮೊದಲಿನಿಂದ. ಎರಡನೆಯ ಚರಣಕ್ಕೆ ಹೋಗುವ ಮೊದಲೇ ಫಿಲ್ಮು ಮುಗಿಯಿತು. ಪರ್ವತಯ್ಯ ಕ್ಯಾಮೆರಾ ಬಿಟ್ಟು ನೆಲದ ಮೇಲೆ ಕುಕ್ಕರಿಸಿದ.

ಕರಿಬಸಮ್ಮನಿಗೆ ಆಮೇಲೆ ಅರಿವಾಯಿತು. ಬಣ್ಣದ ಮುಖದಲ್ಲೇ ಹೋ ಎಂದು ಅತ್ತರು. ಜನ ಕೇಳಿದರೆ ಬಾಯಿ ತಾನಾಗಿಯೇ ತೆರೆಯುತ್ತದೆ, ನಾನೇನು ಮಾಡಲಿ ಎಂದರು. ಅವರ ಮೇಲೆ ರೇಗುವುದಾದರೂ ಹೇಗೆ? ನನಗೆ ಸಿಟ್ಟು ಬಂದದ್ದು ದೊಡ್ಡೇರಿಯವರ ಮೇಲೆ, ಅವರಿಗೆ ಅದು ತಿಳಿಯಲೂ ಇಲ್ಲ. ಆಟ ಚೆನ್ನಾಗಿತ್ತು ಎಂದು ಹೇಳಿಕೊಂಡು ಗಾಡಿ ಹತ್ತಿದರು.

ರೇಣುಕಯ್ಯ ಆಸ್ಪತ್ರೆಗೆ ನಡಿ ಎಂದ. ಆಕೆ ಇನ್ನೊಂದು ಡಬ್ಬ ತಾ ಎಂದರು. ಊಟ ಬಿಟ್ಟು ಕೂತರು. ಅವನು ಮದರಾಸಿಗೆ ಹೋದ. ಕಂಡವರ ಕೈಕಾಲು ಹಿಡಿದ. ಪರ್ಮಿಟ್ಟಿಲ್ಲದೆ ಒಂದು ಗೇಣು ಫಿಲ್ಮು ಕೂಡ ಹುಟ್ಟಲಿಲ್ಲ. ಇತ್ತ ಆಕೆಗೆ ಗಂಜಿ ನುಂಗುವುದೂ ಕಷ್ಟವಾಗತೊಡಗಿತ್ತು. ನಾನು ದಿನವೂ, ಪೆಟ್ರೋಲಿಲ್ಲದೆ ಇದ್ದಿಲಿನಲ್ಲಿ ಓಡುತ್ತಿದ್ದ ಬಸ್ಸಿಗೆ ಕಾದು ಬರಿಗೈಯಲ್ಲಿ ಮನೆಗೆ ಹೋಗುತ್ತಿದ್ದೆ. ಕೊನೆಗೊಂದು ದಿನ ಅವನು ಇಳಿದ, ಕಂಕುಳಲ್ಲಿ ಡಬ್ಬ. ನನಗೆ ಕುಣಿಯುವಷ್ಟು ಸಂತೋಷವಾಯಿತು. ಮಂಡಿಯ ಹಿಂದಕ್ಕೆ ನನ್ನನ್ನೂ ಪರ್ವತಯ್ಯನನ್ನೂ ಕರೆದೊಯ್ದು ಮುಚ್ಚಳ ತೆಗೆದ. ಒಳಗೆ ಏನೂ ಇರಲಿಲ್ಲ.

"ಕ್ಯಾಮೆರಾ ಬರಿದೇ ತಿರುಗ್ಲಿ ಕಣ್ರಲಾ," ಎಂದ. "ಅವಳು ಹಾಡ್ಲಿ, ಆಸ್ಪತ್ರೆಗೆ ಬರ್ಲಿ. ಪಾಪ ಎಲ್ಲಾ ನಂಗಿರ್ಲಿ."

ಪರ್ವತಯ್ಯ ಆಗುವುದಿಲ್ಲ ಎಂದ. ಕಲಿತ ಕೆಲಸಕ್ಕೆ ದ್ರೋಹ ಎಂದ. ರೇಣುಕಯ್ಯ ಅವನ ಕಾಲು ಹಿಡಿಯಲು ಬಗ್ಗಿದ. ಪರ್ವತಯ್ಯ ಹಿಂದೆ ಸರಿದು ಡಬ್ಬ ಎತ್ತಿಕೊಂಡ.

ಮರುದಿನ ಬೆಳಗ್ಗೆ ಅದೇ ಕೋಟೆಯ ಬುಡದಲ್ಲಿ ನಾವು ನಾಲ್ವರೇ. ಕರಿಬಸಮ್ಮ ಕ್ಯಾಮೆರಾಕ್ಕೆ ಹೂವಿಟ್ಟು ನಮಸ್ಕಾರ ಮಾಡಿ ನಿಂತರು. ನಾನು ಶ್ರುತಿ ಹಿಡಿದೆ. ಅವರು ಹಾಡಿದರು. ನೋವಿಗೆ ಕತ್ತಿನ ನರ ಉಬ್ಬಿತ್ತು, ದನಿಯಲ್ಲಿ ಅದರ ಸುಳಿವಿಲ್ಲ. ಎರಡನೆಯ ಚರಣದಲ್ಲಿ ಮನೆಮನೆಯ ಹೆಸರು ಹಿಡಿದು ಊರಿಗೆ ವಿದಾಯ ಹೇಳುವ ಸಾಲುಗಳಿವೆ. ಅವನ್ನು ಅವರು ಅಂದಿನ ಹಾಗೆ ಎಂದೂ ಹಾಡಿರಲಿಲ್ಲ. ಆ ಹಾಡು ಗಾಳಿಗೆ ಹೋಗುತ್ತಿತ್ತು. ಮುಗಿದ ಮೇಲೆ ಪರ್ವತಯ್ಯ ತಲೆಯ ಮೇಲಿನ ಕಪ್ಪು ಬಟ್ಟೆ ಬಹಳ ಹೊತ್ತು ತೆಗೆಯಲಿಲ್ಲ. ಆಕೆ ನಗುತ್ತಾ, ಸಾಕಾ ಎಂದು ಕೇಳಿದರು. ರೇಣುಕಯ್ಯ ಸಾಕು ಎಂದ. ಮಧ್ಯಾಹ್ನದ ಬಸ್ಸಿಗೆ ಅವರನ್ನು ಹತ್ತಿಸಿದೆವು.

ಜೀವ ಉಳಿಯಿತು. ಕತ್ತಿನಲ್ಲಿ ತೂತು, ಅದರ ಮೇಲೊಂದು ಬಟ್ಟೆ, ಮಾತಿಲ್ಲ. ಕಂಪನಿ ಮುಚ್ಚಿತು. ರೇಣುಕಯ್ಯ ಅದೇ ಮಂಡಿಯಲ್ಲಿ ಕಡಲೆಕಾಯಿ ಆರಿಸಿ ಚೀಲ ತುಂಬುವ ಕೆಲಸಕ್ಕೆ ಸೇರಿದ. ಕರಿಬಸಮ್ಮ ನನ್ನನ್ನು ಕಂಡಾಗಲೆಲ್ಲ ಕ್ಯಾಮೆರಾ ತಿರುಗುವ ಹಾಗೆ ಮುಷ್ಟಿ ಗರಗರ ತಿರುಗಿಸಿ ಹುಬ್ಬೇರಿಸುವರು. ಚಿತ್ರ ಯಾವಾಗ ಬರುತ್ತದೆ ಎಂದು. ಮದರಾಸಿನಲ್ಲಿ ಫಿಲ್ಮು ತೊಳೆಯುತ್ತಿದ್ದಾರೆ, ಯುದ್ಧ ಮುಗಿಯಲಿ ಎಂದು ರೇಣುಕಯ್ಯ ಹೇಳುತ್ತಿದ್ದ. ಆಕೆ ತಲೆಯಾಡಿಸಿ ಒಲೆಯ ಮುಂದೆ ಹೋಗುತ್ತಿದ್ದರು. ಇದನ್ನು ನೋಡಲಾರದೆ ನಾನು ಆ ಬೀದಿಯಲ್ಲಿ ಓಡಾಡುವುದನ್ನೇ ಕಡಿಮೆ ಮಾಡಿದೆ.

ಯುದ್ಧ ಮುಗಿಯಿತು. ಊರಲ್ಲಿ ಸಕ್ಕರೆ ಹಂಚಿದರು. ರೇಣುಕಯ್ಯ ನನ್ನನ್ನು ಮನೆಗೆ ಎಳೆದುಕೊಂಡು ಹೋದ. ಒಬ್ಬನೇ ಹೇಳಲು ಅವನಿಗೆ ಎದೆಗಾರಿಕೆ ಸಾಲಲಿಲ್ಲ. ಆಕೆ ನಮ್ಮನ್ನು ಕಂಡು ಖುಷಿಯಿಂದ ಮುಷ್ಟಿ ತಿರುಗಿಸಿದರು. ಅವನು ಅವರ ಮುಂದೆ ಕೂತು ಎಲ್ಲವನ್ನೂ ಹೇಳಿದ: ಡಬ್ಬ, ಬರಿದಾದ ಕ್ಯಾಮೆರಾ, ಎಲ್ಲ.

ಕರಿಬಸಮ್ಮ ಅಳಲಿಲ್ಲ. ಹೊಡೆಯುತ್ತಾರೆಂದುಕೊಂಡೆ, ಹೊಡೆಯಲೂ ಇಲ್ಲ. ಕತ್ತಿನ ಬಟ್ಟೆಯ ಮೇಲೆ ಕೈಯಿಟ್ಟು, ಅವನ ಕಡೆ ಬೆರಳು ಮಾಡಿ, ತುಟಿ ಅಲುಗಿಸಿದರು. ಅಂದು ನೀನು ಕೇಳಿದೆಯಲ್ಲ, ಚೆನ್ನಾಗಿತ್ತಾ ಎಂದು.

ಹೂಂ ಅನ್ನಬಾರದಿತ್ತೆ ಆ ಮಹಾರಾಯ?

"ನಂಗೆ ಕೇಳಿಸ್ಲಿಲ್ಲ ಕಣೆ," ಎಂದ. "ನಿನ್ನ ಗಂಟ್ಲೇ ನೋಡ್ತಾ ನಿಂತಿದ್ದೆ. ಯಾವಾಗ ಮುಗೀತದೋ, ಯಾವಾಗ ಬಸ್ಸತ್ತಿಸ್ತೀನೋ ಅಂತ."

ನಾನು ಮಧ್ಯೆ ಬಾಯಿಹಾಕಿದೆ. ತುಂಬಾ ಚೆನ್ನಾಗಿತ್ತು ತಾಯಿ, ಅಂಥದ್ದನ್ನು ನಾನು ಹುಟ್ಟಿದಾರಭ್ಯ ಕೇಳಿಲ್ಲ ಎಂದೆ. ನಿಜವನ್ನೇ ಹೇಳಿದೆ. ಆಕೆ ನನ್ನ ಕಡೆ ತಿರುಗಲಿಲ್ಲ, ಗಂಡನನ್ನೇ ನೋಡುತ್ತಿದ್ದರು.