ಅಪ್ಪನ ಕಾಗೆ ತೂಟಾ

ನಮ್ಮಪ್ಪ ಚಿನ್ನದ ಗಣಿಯ ಚಾಂಪಿಯನ್ ರೀಫ್ಸ್‌ನಲ್ಲಿ ಬಿಳಿ ದೊರೆಗಳು ಗುರಿ ಹೊಡೆಯುವ ಮೈದಾನದಲ್ಲಿ ಬಂದೂಕು ಒರೆಸುತ್ತಿದ್ದ. ಬೇರೆ ಮನೆಗಳಲ್ಲಿ ಅಪ್ಪಂದಿರು ರಾಮಾಯಣ ಹೇಳುತ್ತಿದ್ದರು. ನಮ್ಮಪ್ಪ ಬಂದೂಕಿಗೆ ತುಂಬುವ ತೂಟಾಗಳ ವಂಶಾವಳಿ ಹೇಳುತ್ತಿದ್ದ. ಅದೂ ಹುಲಿ ಹೊಡೆಯುವ ತೂಟಾಗಳದ್ದಾದರೆ ಕೇಳಬಹುದಿತ್ತು. ಇವನದ್ದು ಯಾರೂ ಕಂಡಿರದ, ಕಿರುಬೆರಳಿನಷ್ಟು ತೂಟಾಗಳ ಪುರಾಣ.

ದೊಡ್ಡ ತೂಟಾ ದುಬಾರಿಯೆಂದು, ದೊಡ್ಡ ಬಂದೂಕಿನ ನಳಿಗೆಯೊಳಗೇ ಸಣ್ಣ ನಳಿಗೆ ತೂರಿಸಿ, ಬರೀ ಅಭ್ಯಾಸಕ್ಕೆಂದು ಸಣ್ಣ ತೂಟಾ ಮಾಡಿದರಂತೆ. ಇನ್ನೊಂದನ್ನು ಅವರ ದೇಶದಲ್ಲಿ ಹೊಲ ಹಾಳು ಮಾಡುವ ಕಾಗೆ ಜಾತಿಯ ಹಕ್ಕಿಗೆಂದೇ ಮಾಡಿದರಂತೆ. ಮೊದಲು ಆ ತೂಟಾ ದಪ್ಪಗಿತ್ತು, ಅಷ್ಟು ಸಣ್ಣ ಹಕ್ಕಿಗೆ ಇಷ್ಟೇಕೆಂದು ಬರಬರುತ್ತಾ ಸಣ್ಣಗಾಯಿತು. ಬಂದೂಕು ಮಾಡುವವರು ಒಬ್ಬೊಬ್ಬರೂ ತಮ್ಮದೇ ಅಳತೆ ಹಿಡಿದರು. ಒಬ್ಬನ ತೂಟಾ ಇನ್ನೊಬ್ಬನ ಬಂದೂಕಿಗೆ ಹೋಗದು. ಕೊನೆಗೆ ಬೀಡಿಯ ಮೋಟಿನಷ್ಟಿದ್ದ ಅಗ್ಗದ ತೂಟಾ ಒಂದು ಬಂದು ಇವನ್ನೆಲ್ಲ ಮೂಲೆಗೆ ತಳ್ಳಿತು.

“ಕಾಗೆ ಒಡ್ದು ಏನ್ ಮಾಡ್ತಾರೆ?” ಎಂದು ಅವ್ವ ಕೇಳಿದಳು.

“ಮರಿ ಆದ್ರೆ ತಿಂತಾರೆ.”

“ಅಂಗಾದ್ರೆ ಅವ್ರ ತಾತ ಮುತ್ತಾತ ಎಲ್ಗೋಗಿ ಉಣ್ಬೇಕು?”

ಮುಂದೆ, ತನ್ನ ದೇಶಕ್ಕೆ ಹೊರಟ ದೊರೆಯೊಬ್ಬ ಅಂಥದೇ ಕಾಗೆ ಬಂದೂಕನ್ನು ಅಪ್ಪನಿಗೆ ಕೊಟ್ಟುಹೋದ. ಬಂಗಾರಪೇಟೆ ಹತ್ತಿರದ ನಮ್ಮ ಹೊಲಕ್ಕೆ ಹಂದಿ ಕಾಟವೆಂದು ಲೈಸೆನ್ಸೂ ಸಿಕ್ಕಿತು. ಆ ಗುಂಡು ತಗುಲಿದರೆ ಹಂದಿ ಮೈ ಕೆರೆದುಕೊಂಡು ಕಡಲೆಕಾಯಿ ಮೇಯುವುದನ್ನು ಮುಂದುವರಿಸುತ್ತಿತ್ತು. ಆಮೇಲೆ ರಾಬರ್ಟ್‌ಸನ್‌ಪೇಟೆಯ ಅಂಗಡಿಗೆ ಆ ತೂಟಾ ಬರುವುದೇ ನಿಂತಿತು. ಉಳಿದ ಒಂದನ್ನು ಅಪ್ಪ ಹಾರಿಸಲಿಲ್ಲ. ಹುಣಸೆಹಣ್ಣು ಹಾಕಿ ದೇವರ ದೀಪದಂತೆ ತಿಕ್ಕಿ ತಿಕ್ಕಿ ಇಟ್ಟುಕೊಂಡಿದ್ದ.

ಅಪ್ಪ ಸತ್ತ. ಮೂರನೇ ದಿನದ ಹಾಲುತುಪ್ಪಕ್ಕೆ, ಹೊಲದ ಅಂಚಿನಲ್ಲಿ ಅವನನ್ನು ಹೂತ ಗುಂಡಿಯ ಮೇಲೆ ಮುದ್ದೆ, ಕೋಳಿ ಸಾರು, ವಡೆ, ಬೀಡಿ ಎಲ್ಲ ಎಡೆಯಿಟ್ಟು ದೂರ ನಿಂತೆವು. ಕಾಗೆ ಮುಟ್ಟುವವರೆಗೆ ಅವ್ವ ಉಣ್ಣುವವಳಲ್ಲ. ಅಪ್ಪ ಹೋದಾಗಿನಿಂದ ತುತ್ತು ಮುಟ್ಟಿರಲಿಲ್ಲ, ನಿಂತಲ್ಲೇ ವಾಲುತ್ತಿದ್ದಳು. ಕಾಗೆಗಳೋ ಹೊಂಗೆ ಮರದಲ್ಲಿ ಪಂಚಾಯಿತಿ ಸೇರಿಸಿ ಕೂತಿದ್ದವು. ಅಪ್ಪನಿಗೆ ಏನೋ ಆಸೆ ಉಳಿದಿದೆಯೆಂದು ಚಿಕ್ಕಪ್ಪ ಹೆಂಡ ಬಿಡುತ್ತೇನೆಂದ. ನಾನು ತಂಗಿಯ ಮದುವೆ ಮಾಡುತ್ತೇನೆಂದೆ. ಒಂದೂ ಅಲ್ಲಾಡಲಿಲ್ಲ. ಅವ್ವನ ಮುಖ ನೋಡಿ ನನಗೆ ಅಪ್ಪನ ಮೇಲೇ ಸಿಟ್ಟು ಬಂತು.

“ಆ ತೂಟಾ ತಗಂಬಾಲಾ,” ಅಂದಳು ಅವ್ವ.

“ಕಾಗೆ ಒಡೆಯೋ ತೂಟಾನ ಕಾಗೆ ಮುಂದೆ ಇಕ್ತಾರೇನವ್ವ?”

“ಬೀಡಿ ಇಕ್ಕಿಲ್ವಾ? ಅಂಗೇ ಇಕ್ಕು.”

ಇಟ್ಟೆ. ಬಿಸಿಲಿಗೆ ಹಿತ್ತಾಳೆ ಫಳಫಳ ಹೊಳೆಯಿತು. ಒಂದು ಕಾಗೆ ಇಳಿದು, ಕತ್ತು ಓರೆ ಮಾಡಿ ಎಲೆಯ ಸುತ್ತ ನಡೆಯಿತು. ವಡೆ ನೋಡಲಿಲ್ಲ, ಕೋಳಿ ನೋಡಲಿಲ್ಲ. ತೂಟಾ ಕಚ್ಚಿಕೊಂಡು ರೈಲು ಹಳಿಯ ಕಡೆಗೆ ಹಾರಿಹೋಯಿತು.

ಇದು ಎಡೆ ಮುಟ್ಟಿದ ಲೆಕ್ಕವೋ ಅಲ್ಲವೋ ಎಂದು ಹಿರಿಯರ ನಡುವೆ ಜಗಳ ಹತ್ತಿತು. ಅನ್ನ ಮುಟ್ಟಿಲ್ಲ, ನಡೆಯಲ್ಲ ಅಂದರು ಕೆಲವರು.

“ಬದುಕಿದ್ದಾಗ ಒಂದಿನಾನಾದ್ರೂ ನನ್ನಡಿಗೆ ಮೊದ್ಲು ಮುಟ್ಟವ್ರಾ?” ಅಂದಳು ಅವ್ವ. “ಅವ್ರೇ ಕಣ್ಲಾ ಬಂದಿದ್ದು.”

ಅಲ್ಲೇ ಬದುವಿನ ಮೇಲೆ ಕೂತು, ಬುಟ್ಟಿಯಿಂದ ವಡೆ ತೆಗೆದು ಬಾಯಿಗಿಟ್ಟುಕೊಂಡಳು. ನಾನು ಅಪ್ಪನಿಗಾಗಿ ಅತ್ತದ್ದು ಆಗಲೇ.