ಕೇಶವಣ್ಣನ ಪಟ್ಟಿ ಮೊಬೈಲಿಗೆ ಹೋದದ್ದು

ಮೊನ್ನೆ ಈಶ್ವರಮಂಗಲದ ಒಂದು ಮನೆಯಿಂದ ಕರೆ ಬಂತು. ಮಗುವನ್ನು ತೊಟ್ಟಿಲಿಗೆ ಹಾಕುವ ದಿನದ ಅಡಿಗೆಗೆ ನಾವೇ ಬರಬೇಕಂತೆ. ತಾರೀಕು ಬರೆದುಕೊಳ್ಳಲು ಮೊಬೈಲು ತೆರೆದೆ. ‘ಹಳೆಯ ಪಟ್ಟಿಯನ್ನೇ ನಕಲು ಮಾಡಲೇ?’ ಎಂದು ಅದು ಬಹಳ ವಿನಯದಿಂದ ಕೇಳಿತು. ನೀವು ನಗಬಹುದು, ನಾನು ಮೊಬೈಲನ್ನು ಮಗುಚಿ ಹಾಕಿ, ಎದ್ದು ಹೋಗಿ ಒಂದು ಲೋಟ ನೀರು ಕುಡಿದೆ.

ಪುತ್ತೂರು, ಸುಳ್ಯ, ಕಡಬದ ಕಡೆ ಮದುವೆ, ಉಪನಯನ, ತಿಥಿ ಯಾವುದಿದ್ದರೂ ಅಡಿಗೆಗೆ ಹೋಗುವವರು ನಮ್ಮ ಕೇಶವಣ್ಣ. ಎಲೆ, ಪಾತ್ರೆ, ವ್ಯಾನು, ಬಡಿಸುವ ಜನ, ಇದೆಲ್ಲ ನನ್ನ ಪಾಲಿಗೆ. ಅಡಿಗೆ ಬಾರದವನಿಗೆ ಅವರು ಕೊಟ್ಟ ಮರ್ಯಾದೆಯ ಉದ್ಯೋಗ ಅದು. ಕೆಲಸಗಳ ಪಟ್ಟಿಯನ್ನು ಅವರು ಹಳೆಯ ಮದುವೆ ಕಾಗದದ ಹಿಂಬದಿಗೆ ಬರೆಯುತ್ತಿದ್ದರು. ಮುಗಿದ ಸಾಲಿಗೆ ಗೀಟು. ಊಟ ಮುಗಿದ ಮೇಲೆ ಕಾಗದ ಒಲೆಗೆ. ಮುಂದಿನ ಮನೆಗೆ ಮತ್ತೆ ಮೊದಲಿನಿಂದ, ಸೌದೆಯಿಂದ ವೀಳ್ಯದೆಲೆಯವರೆಗೆ, ಹೊಸ ಪಟ್ಟಿ. ಒಮ್ಮೆ ನಾನು ಹಳೆಯದನ್ನೇ ಉಳಿಸಿ ಕೊಟ್ಟು, “ಇದನ್ನು ನೋಡಿ ಬರೆಯಿರಿ, ಬೇಗ ಆಗ್ತದೆ” ಎಂದೆ.

“ಬೇಗ ಆಗಿ ಎಂತ ಮಾಡ್ಲಿಕ್ಕುಂಟು ಮಾರಾಯ? ಬರೆಯುವಾಗಲೇ ಅಲ್ವಾ ಆ ಮನೆಯವರು ನೆನಪಾಗುದು?” ಎಂದು ಕಾಗದವನ್ನು ಒಲೆಗೆ ಹಾಕಿದರು.

ನನಗೆ ಅದು ಮುದುಕರ ಹಟವಾಗಿ ಕಂಡಿತು. ಮೂರು ವಿಡಿಯೊ ನೋಡಿ ನಾನು ಪಂಡಿತನಾದೆ. ಪಟ್ಟಿಯನ್ನೆಲ್ಲ ಮೊಬೈಲಿನ ಒಂದು ತಂತ್ರಾಂಶಕ್ಕೆ ಏರಿಸಿದೆ. ತಲೆಬರಹ ಒತ್ತಿದರೆ ಅದರಡಿಯ ಕೆಲಸಗಳು ಬಿಚ್ಚಿಕೊಳ್ಳುತ್ತವೆ, ಇನ್ನೊಮ್ಮೆ ಒತ್ತಿದರೆ ಮಡಚಿಕೊಳ್ಳುತ್ತವೆ. ಬಡಿಸುವವರೆಲ್ಲರ ಮೊಬೈಲಿಗೂ ಹೋಗುತ್ತದೆ, ಯಾರು ಯಾವ ಕೆಲಸ ಮುಗಿಸಿ ಗುರುತು ಹಾಕಿದರೂ ನನಗೆ ಸುದ್ದಿ ಬರುತ್ತದೆ. ಕೇಶವಣ್ಣ ನೋಡಿ, “ಚಂದ ಉಂಟು. ಈ ಸಲ ನೀನೇ ನೋಡಿಕೋ” ಎಂದರು. ನಾನು ಉಬ್ಬಿಹೋದೆ.

ಆ ಸಲದ್ದು ಇದೇ ಈಶ್ವರಮಂಗಲದ ಮನೆಯಲ್ಲಿ ಸೀಮಂತ. ಮನೆಯ ಸೊಸೆ ವಿದ್ಯಾ. ಹಿಂದೆ ಎರಡು ಸಲ ಅವಳ ಬಸಿರು ನಿಂತಿರಲಿಲ್ಲ. ಮನೆಯ ಅಜ್ಜಿ ಫೋನಿನಲ್ಲಿ, “ಈ ಸಲ ಒಂದು ಚೂರೂ ಹೆಚ್ಚುಕಮ್ಮಿ ಆಗ್ಬಾರ್ದು ಆಯ್ತಾ” ಎಂದಿದ್ದರು. ಎಲ್ಲವೂ ಮೊಬೈಲಿನಲ್ಲಿ ಉಂಟು ಅಜ್ಜಿ ಎಂದು ನಾನು ಧೈರ್ಯ ಹೇಳಿದ್ದೆ. ಅದಕ್ಕೆ ಮೊದಲಿನ ವಾರ ಕೆದಂಬಾಡಿಯಲ್ಲಿ ಒಂದು ತಿಥಿಯ ಅಡಿಗೆ ಆಗಿತ್ತು. ಅದೇ ಪಟ್ಟಿಯನ್ನು ನಕಲು ಮಾಡಿ ಅಡಿಗೆಯ ಹೆಸರುಗಳನ್ನು ಮಾತ್ರ ಬದಲಿಸಿದೆ. ‘ಬಡಿಸುವ ಮೊದಲು’ ಎಂಬ ತಲೆಬರಹವನ್ನು ಬಿಚ್ಚಿ ನೋಡಲೇ ಇಲ್ಲ. ಎಲೆ, ನೀರು ಎಲ್ಲ ಮನೆಯಲ್ಲೂ ಒಂದೇ ತಾನೇ ಎಂದುಕೊಂಡೆ.

ಆ ದಿನ ಮಧ್ಯಾಹ್ನ ಎಲೆ ಹಾಕುವ ಹೊತ್ತು. ನಾನು ಒಳಗೆ ಪಂಕ್ತಿ ನೋಡುತ್ತಿದ್ದೆ. ಜೇಬಿನ ಮೊಬೈಲು ಟಿಣ್ ಎಂದಿತು. ತೆಗೆದು ನೋಡಿದರೆ: ‘ಕಾಗೆಗೆ ಎಲೆ ಇಟ್ಟಾಯಿತು.’

ಕೆದಂಬಾಡಿಯ ಪಟ್ಟಿಯ ಸಾಲು ಹಾಗೆಯೇ ಉಳಿದಿತ್ತು. ಕಾಗೆಗೆ ಎಲೆ ಇಡುವುದು ತಿಥಿಯ ದಿನ, ಸತ್ತವರ ಹೆಸರಿನಲ್ಲಿ. ಬಸುರಿಯ ಮನೆಯಲ್ಲಿ, ಅದೂ ಈ ಬಸುರಿಯ ಮನೆಯಲ್ಲಿ! ಅಂಗಳಕ್ಕೆ ಓಡಿದೆ. ಬಡಿಸಲು ಹೊಸದಾಗಿ ಸೇರಿದ್ದ ಶಂಕರ, ಹೇಳಿದ್ದನ್ನು ಹೇಳಿದ ಹಾಗೆ ಮಾಡುವ ನಲ್ವತ್ತರ ಮನುಷ್ಯ, ಮೊಬೈಲು ನೋಡಿ ಅಡಿಗೆಯ ಚಪ್ಪರದ ಪಕ್ಕ ಎಲೆ ಹಾಕಿ ಎಲ್ಲವನ್ನೂ ಒಂದಿಷ್ಟು ಬಡಿಸಿ ದೂರ ನಿಂತಿದ್ದ. ಮನೆಯ ಮಾಡಿನ ಮೇಲೆ ಕಾಗೆಯೂ ಬಂದು ಕೂತಾಗಿತ್ತು.

ಅಷ್ಟರಲ್ಲಿ ಜಗಲಿಯಿಂದ ಅಜ್ಜಿಯ ಸ್ವರ: “ಅಂಗಳದಲ್ಲಿ ಅದೆಂತ ಎಲೆ?” ಅವರ ಬೆನ್ನ ಹಿಂದೆ ಹೂ ಮುಡಿದ ವಿದ್ಯಾ.

ಚಪ್ಪರದಿಂದ ಕೇಶವಣ್ಣ ಕೈ ಒರೆಸುತ್ತಾ ಹೊರಗೆ ಬಂದರು. ಎಲೆ ನೋಡಿದರು, ನನ್ನ ಮುಖ ನೋಡಿದರು. “ಅದು ನಂದು, ಅಮ್ಮ. ಶುಗರು ನಂಗೆ, ಹೊತ್ತಿಗೆ ಸರಿಯಾಗಿ ತಿನ್ನದಿದ್ರೆ ತಲೆ ತಿರುಗ್ತದೆ. ನಾನೇ ಇಡ್ಲಿಕ್ಕೆ ಹೇಳಿದ್ದು” ಎಂದವರೇ ಆ ಬಿಸಿಲಿಗೆ ಬರಿ ನೆಲದಲ್ಲಿ ಚಕ್ಕಳಮಕ್ಕಳ ಹಾಕಿ ಕೂತು ಉಣ್ಣತೊಡಗಿದರು.

ಅವರಿಗೆ ಶುಗರು ಇಲ್ಲ. ಕೊನೆಯ ಪಂಕ್ತಿ ಏಳುವವರೆಗೆ ಒಂದು ಗುಟುಕು ಮಜ್ಜಿಗೆಯನ್ನೂ ಮುಟ್ಟಿದವರಲ್ಲ. ಕಾಗೆಗೆಂದು ಇಟ್ಟ ಎಲೆಗೆ ಯಾರೂ ಕೈ ಹಾಕುವುದಿಲ್ಲ. ಅವರು ಒಂದು ಅಗುಳೂ ಬಿಡದೆ ಉಂಡು ಎಲೆ ಮಡಚಿದರು. “ಬಿಸಿಲಿಗೆ ಕೂತಿರಲ್ಲ, ಒಳಗೆ ಬರ್ಬಾರ್ದಾ” ಎಂದು ಅಜ್ಜಿ ಒಳಗೆ ಹೋದರು.

ವ್ಯಾನಿನಲ್ಲಿ ಬೈಗುಳಕ್ಕೆ ತಯಾರಾಗಿ ಕೂತಿದ್ದೆ. “ಸಾಂಬಾರಿಗೆ ಉಪ್ಪು ಸ್ವಲ್ಪ ಕಮ್ಮಿ ಆಗಿತ್ತು” ಎಂದರು, ಅಷ್ಟೆ. ಬೈದಿದ್ದರೆ ಚೆನ್ನಾಗಿತ್ತು. ನನಗೆ ಅಳು ಬಂತು.

ಮೊಬೈಲನ್ನು ನಾನು ಬಿಟ್ಟಿಲ್ಲ. ಆದರೆ ಈಗ ಆಯಾ ಮನೆಗೇ ಹೋಗಿ ಕೂತು, ಕೇಳಿ, ಪಟ್ಟಿಯನ್ನು ಕೈಯಲ್ಲೇ ಬರೆದು, ಆಮೇಲೆ ಒಂದೊಂದೇ ಸಾಲು ಒತ್ತುತ್ತೇನೆ. ನಿನ್ನೆ ಈಶ್ವರಮಂಗಲಕ್ಕೆ ಹೋದದ್ದೂ ಹಾಗೆಯೇ. ಬರೆಯುತ್ತಿದ್ದಾಗ ವಿದ್ಯಾ ಮಗುವನ್ನು ಹೆಗಲಿಗೆ ಹಾಕಿಕೊಂಡು ಬಂದು ನಿಂತಳು.

“ಕೇಶವಮಾವ ಬರ್ತಾರಲ್ವಾ?”

“ಬರ್ತಾರೆ.”

“ಆ ಎಲೆ ಯಾತಕ್ಕೆ ಇಟ್ಟದ್ದು ಅಂತ ನಂಗೆ ಆಗಲೇ ಗೊತ್ತಾಗಿತ್ತು.”

ನಾನು ಪೆನ್ನು ಕೆಳಗಿಟ್ಟೆ. ಅವಳು ಸ್ವರ ತಗ್ಗಿಸಿದಳು. “ಅವರು ಕೂತು ಉಂಡರಲ್ಲ, ಅದನ್ನು ನೆನೆಸಿಯೇ ನಾನು ಉಳಿದ ತಿಂಗಳು ಕಳೆದದ್ದು. ನಂಗೆ ಗೊತ್ತುಂಟು ಅಂತ ಅವರ ಹತ್ರ ಹೇಳ್ಬೇಡಿ.”

ಸಂಜೆ ಪುತ್ತೂರಿಗೆ ಬಂದಾಗ ಕೇಶವಣ್ಣ ತೆಂಗಿನಕಾಯಿ ಎಣಿಸುತ್ತಿದ್ದರು. “ಹುಡುಗಿ ಹೇಗಿದ್ದಾಳೆ?” ಎಂದು ಕೇಳಿದರು. ಚೆನ್ನಾಗಿದ್ದಾಳೆ ಎಂದೆ.

“ಅವಳಿಗೆ ಎಂತದೂ ಗೊತ್ತಾಗ್ಲಿಲ್ಲ ಅಲ್ವಾ? ಅಷ್ಟು ಸಾಕು.”

“ಇಲ್ಲ ಕೇಶವಣ್ಣ, ಎಂತದೂ ಗೊತ್ತಾಗ್ಲಿಲ್ಲ” ಎಂದೆ.